ಆವುಲಪ್ಪ ಎದ್ದು ನಿಂತದ್ದು

ಆವುಲಪ್ಪನ ಕಷ್ಟಗಳೆಲ್ಲ ಶುರುವಾದದ್ದು ಕಡಲೇಕಾಯಿ ದಪ್ಪದ ಒಂದು ಕುರುವಿನಿಂದ. ಅದು ಕೈಯಲ್ಲೋ ಕಾಲಲ್ಲೋ ಎದ್ದಿದ್ದರೆ ಇಷ್ಟೆಲ್ಲ ರಾದ್ಧಾಂತ ಆಗುತ್ತಿರಲಿಲ್ಲ. ಮನುಷ್ಯ ನೆಮ್ಮದಿಯಾಗಿ ಕೂರಲಿ ಎಂದು ದೇವರು ಯಾವ ಜಾಗವನ್ನು ಮೆತ್ತಗೆ ಮಾಡಿ ಕಳಿಸಿದ್ದಾನೋ, ಸರಿಯಾಗಿ ಅಲ್ಲೇ, ಎಡಗಡೆಗೆ ಎದ್ದಿತ್ತು. ಬೆಳಿಗ್ಗೆ ಚಾಪೆಯ ಮೇಲೆ ಎದ್ದು ಕೂತ ಆವುಲಪ್ಪ, ಕೂತದ್ದಕ್ಕಿಂತ ಬೇಗ ಎದ್ದು ನಿಂತ.

ತೋರಿಸಲು ಊರಲ್ಲಿ ವೈದ್ಯರಿಲ್ಲದೆ ಇರಲಿಲ್ಲ. ಬೇರಿಕೆ ಸೀಮೆಯಲ್ಲೆಲ್ಲ ಹೆಸರಾದ ನಾಟಿವೈದ್ಯ ಮುತ್ತರಾಯಪ್ಪನವರು ಅದೇ ಬೀದಿಯ ಕೊನೆಯ ಮನೆಯಲ್ಲಿದ್ದರು. ತೊಂದರೆ ಏನೆಂದರೆ, ಅವರು ಆವುಲಪ್ಪನಿಗೆ ಹೆಣ್ಣು ಕೊಟ್ಟ ಮಾವ. ಮದುವೆಯ ದಿನ ತಾಂಬಾಳದಲ್ಲಿ ತನ್ನ ಕಾಲು ತೊಳೆದ ಹಿರಿಯರ ಮುಂದೆ ಹೋಗಿ, ಬೆನ್ನು ತಿರುಗಿಸಿ, ಪಂಚೆ ಎತ್ತುವುದು ಹೇಗೆ? ನೆನೆಸಿಕೊಂಡರೇ ಆವುಲಪ್ಪನ ಕಿವಿ ಒಲೆಯ ಮೇಲಿನ ಹೆಂಚಿನಂತೆ ಕಾಯುತ್ತಿತ್ತು.

ಅದೂ ಬೇರೆ ದಿನವಾಗಿದ್ದರೆ ಹೇಗೋ ಆಗುತ್ತಿತ್ತು. ಇವತ್ತು ಊರಲ್ಲಿ ಸಭೆ. ಯುದ್ಧ ಮುಗಿದು ವರ್ಷವಾಗಿತ್ತು. ಹಳ್ಳಿಯವರಿಗೂ ಸರ್ಕಾರದ ವೈದ್ಯ ಸಿಗಬೇಕೆಂದು ಹೊಸ ಯೋಜನೆಯೊಂದು ಹೊರಟಿತ್ತು. ಸುಗ್ಗಿಯಲ್ಲಿ ಪ್ರತಿ ಮನೆಯವರೂ ಇಂತಿಷ್ಟು ರಾಗಿ ಅಳೆದುಬಿಟ್ಟರೆ, ವರ್ಷಪೂರ್ತಿ ಆ ಮನೆಯಲ್ಲಿ ಯಾರಿಗೆ ಏನು ಬಂದರೂ ಚಿಕಿತ್ಸೆ ಬಿಟ್ಟಿ. ಬೇಕೋ ಬೇಡವೋ ಊರಿನವರೇ ಸಭೆ ಸೇರಿ ತೀರ್ಮಾನಿಸಬೇಕು. ಅದನ್ನು ನಡೆಸಿಕೊಡಲು ಜಿಲ್ಲಾಕೇಂದ್ರವಾದ ಸೇಲಂನಿಂದ ಒಬ್ಬ ಅಧಿಕಾರಿ ಬರುವವರಿದ್ದರು.

ಊರು ತೆಂಗಿನಕಾಯಿ ಒಡೆದಂತೆ ಎರಡು ಹೋಳಾಗಿತ್ತು. ಬೇಕು ಎನ್ನುವವರ ಮುಂದಾಳು ವೆಂಕಟೇಶಪ್ಪ. ಅವನು ಬರ್ಮಾ ಗಡಿಯ ಮಿಲಿಟರಿ ಆಸ್ಪತ್ರೆಯೊಂದರಲ್ಲಿ ಕಂಬಳಿ ಮಡಿಸುವ ಕೆಲಸ ಮಾಡಿ ಬಂದಿದ್ದ. ಊರಿಗೆ ಬಂದ ಮೇಲೆ ಆ ಆಸ್ಪತ್ರೆಯನ್ನು ತಾನೇ ನಡೆಸುತ್ತಿದ್ದವನಂತೆ ಮಾತಾಡುತ್ತಿದ್ದ. ಬೇಡ ಎನ್ನುವವರ ಮುಂದಾಳು ಸಾಕ್ಷಾತ್ ಮುತ್ತರಾಯಪ್ಪನವರು. ಸರ್ಕಾರದ ವೈದ್ಯ ಬಂದರೆ ತಮ್ಮ ಬೇರು ಚಕ್ಕೆಗಳನ್ನು ಎಮ್ಮೆಯೂ ಮೂಸುವುದಿಲ್ಲ ಎಂಬುದು ಅವರಿಗೆ ಗೊತ್ತಿತ್ತು.

ಒಳಗೊಳಗೇ ಆವುಲಪ್ಪನಿಗೆ ಸರ್ಕಾರದ ವೈದ್ಯ ಬರಲಿ ಎಂದೇ ಆಸೆ. ಮುಖಪರಿಚಯವಿಲ್ಲದವನ ಮುಂದೆ ಏನು ತೋರಿಸಿದರೆ ಏನು? ಆದರೆ ಅದನ್ನು ಬಾಯಿಬಿಟ್ಟು ಹೇಳುವ ಹಾಗಿರಲಿಲ್ಲ. ಹೆಂಡತಿ ಗೋವಿಂದಮ್ಮ ಹಿಂದಿನ ದಿನವೇ ಎಚ್ಚರಿಕೆ ಕೊಟ್ಟಿದ್ದಳು: "ನಮ್ಮಪ್ಪನ್ನ ಎದುರು ಹಾಕ್ಕೊಂಡು ನೀನೇನಾದ್ರೂ ಎದ್ದು ನಿಂತ್ರೆ, ಮುದ್ದೆ ನೀನೇ ತೊಳಸ್ಕೋ."

ಈಗ ಅದೇ ಮುದ್ದೆ ತಟ್ಟೆಗೆ ಬಿದ್ದಿತ್ತು. ಆವುಲಪ್ಪ ನಿಂತೇ ಇದ್ದ.

"ಕೂತ್ಕೊಂಡು ಉಣ್ಣಬಾರ್ದಾ? ಕಟ್ಟಿದ ಎತ್ತಿನ ಹಂಗೆ ನಿಂತಿದ್ದೀಯಲ್ಲ?"

"ಇವತ್ತು ಕೂರಲ್ಲ."

"ಯಾಕೆ?"

ಆವುಲಪ್ಪನಿಗೆ ಸುಳ್ಳು ಹೇಳಿ ಅಭ್ಯಾಸವಿರಲಿಲ್ಲ. ಆದ್ದರಿಂದ ಬಾಯಿಗೆ ಬಂದ ಮೊದಲ ಸುಳ್ಳನ್ನೇ ಹೇಳಿದ. "ಹರಕೆ. ಮುನೇಶ್ವರನಿಗೆ ಹೊತ್ಕೊಂಡಿದ್ದೀನಿ. ಹೊತ್ತು ಮುಳುಗೋವರ್ಗೂ ಕೂರಲ್ಲ ಅಂತ."

"ಏನು ಬೇಡ್ಕೊಂಡಿದ್ದೀಯ?"

"ಅದನ್ನ ಹೇಳಿದ್ರೆ ಫಲ ಸಿಗಲ್ಲ."

ಗೋವಿಂದಮ್ಮ ನಂಬಿದಳೋ ಇಲ್ಲವೋ, ಗೋಡೆಯಾಚೆ ರಾಗಿ ಕೇರುತ್ತಿದ್ದ ಪಕ್ಕದ ಮನೆಯ ಅಶ್ವತ್ಥಮ್ಮ ಮಾತ್ರ ಪೂರ್ತಿ ನಂಬಿದಳು. ನಂಬಿದವಳು ಸುಮ್ಮನಿರುವ ಪೈಕಿಯಲ್ಲ. ಮೊರವನ್ನು ಅಲ್ಲೇ ಬಿಟ್ಟು ನೀರಿಗೆ ಹೊರಟಳು. ಅವಳ ಕೊಡ ತುಂಬುವ ಮೊದಲೇ ಬಾವಿಕಟ್ಟೆ ತುಂಬ ಸುದ್ದಿ ತುಂಬಿತ್ತು.

ಆವುಲಪ್ಪ ಬೀದಿಗೆ ಬಂದಾಗ ಆ ಹರಕೆಗೆ ಕೈಕಾಲು ಮೂಡಿದ್ದವು. ಅರಳಿಕಟ್ಟೆಯ ಮೇಲಿದ್ದ ವೆಂಕಟೇಶಪ್ಪ ಧಡಕ್ಕನೆ ಇಳಿದು ಬಂದು ಅವನ ಎರಡೂ ಕೈ ಹಿಡಿದುಕೊಂಡ.

"ಆವುಲಪ್ಪಾ! ನೀನು ಇಂಥಾ ಗಂಡು ಅಂತ ನಂಗೆ ಗೊತ್ತಿರ್ಲಿಲ್ಲ ಕಣ್ಲಾ! ಊರಿಗೆ ಸರ್ಕಾರಿ ಡಾಕ್ಟ್ರು ಬರೋವರ್ಗೂ ಕೂರಲ್ಲ ಅಂತ ಶಪಥ ಮಾಡಿದ್ದೀಯಂತೆ?"

"ನಾನಾ? ಇಲ್ಲಪ್ಪ, ಅದು ಬೇರೆ..."

"ಸುಮ್ನಿರ್ಲಾ. ಮಾವನ ಭಯಕ್ಕೆ ಇಲ್ಲ ಅಂತೀಯ. ಮಿಲ್ಟ್ರಿಯಾಗೆ ನಾವು ಇಂಥೋರ್ನ ಎಷ್ಟು ಜನ ನೋಡಿಲ್ಲ! ಹಂಗಲ್ದಿದ್ರೆ, ಎಲ್ಲಿ, ಕೂತ್ಕೋ ನೋಡಾನ?"

ಆವುಲಪ್ಪ ಕಟ್ಟೆಯ ಕಲ್ಲನ್ನು ನೋಡಿದ. ಕಲ್ಲು ಅವನನ್ನು ನೋಡಿದಂತೆ ಅನ್ನಿಸಿತು. ಅವನು ಕೂರಲಿಲ್ಲ.

"ನೋಡಿದ್ರಾ!" ಎಂದು ವೆಂಕಟೇಶಪ್ಪ ಊರಿಗೆಲ್ಲ ಕೇಳುವಂತೆ ಕೂಗಿದ. "ಸತ್ಯಾಗ್ರಹ ಅಂದ್ರೆ ಇದು!" ಯಾರೋ ಓಡಿಹೋಗಿ ಹಿತ್ತಲಿನ ಕನಕಾಂಬರದ ಹಾರ ತಂದು ಆವುಲಪ್ಪನ ಕೊರಳಿಗೆ ಹಾಕಿದರು. ಆ ಹೊತ್ತಿಗೇ ಔಷಧಿಯ ಗಂಟು ಬಗಲಲ್ಲಿಟ್ಟುಕೊಂಡು ಮುತ್ತರಾಯಪ್ಪನವರು ಅದೇ ದಾರಿಯಾಗಿ ಬಂದರು. ಅಳಿಯನನ್ನು ನೋಡಿದರು, ಹಾರವನ್ನು ನೋಡಿದರು.

"ಏನು ಅಳೀಮಯ್ಯ, ಮೆರವಣಿಗೆಯೋ?"

"ಮಾವ, ಇದು ಅಂಗಲ್ಲ, ಇವ್ರು ಸುಮ್ಸುಮ್ನೆ..."

"ಕೂತು ಮಾತಾಡಾನ ಬಾ." ಅವರು ಕಟ್ಟೆಯ ಮೇಲೆ ಟವೆಲ್ಲಿನಿಂದ ಧೂಳು ಹೊಡೆದು ಜಾಗ ಮಾಡಿಕೊಟ್ಟರು.

ಆವುಲಪ್ಪ ಬೆವೆತುಹೋದ. "ನಿಂತೇ ಮಾತಾಡ್ತೀನಿ ಮಾವ."

ಮುತ್ತರಾಯಪ್ಪನವರು ಟವೆಲ್ಲನ್ನು ಕೊಡವಿ ಹೆಗಲಿಗೆ ಹಾಕಿಕೊಂಡು ಹೊರಟುಹೋದರು. ಆ ಕೊಡವುವಿಕೆಯಲ್ಲಿ ಮುಂದಿನ ಹಬ್ಬಕ್ಕೆ ಬರಬೇಕಾದ ಹೊಸ ಪಂಚೆಯೂ ಹಾರಿಹೋಯಿತೆಂದು ಆವುಲಪ್ಪನಿಗೆ ಅರ್ಥವಾಯಿತು.

ಮಧ್ಯಾಹ್ನದ ಬಿಸಿಲು ಇಳಿಯುವಾಗ ಜಟಕಾದಲ್ಲಿ ಅಧಿಕಾರಿ ಬಂದಿಳಿದರು. ದುಂಡಗಿನ ಮನುಷ್ಯ, ಮಾತು ತಮಿಳು, ಕನ್ನಡ ಅಷ್ಟಕ್ಕಷ್ಟೆ. ಚಾವಡಿಯ ಮುಂದೆ ಊರೆಲ್ಲ ಕೂತಿತ್ತು. ಗಂಡಸರು ಒಂದು ಕಡೆ, ಹೆಂಗಸರು ಒಂದು ಕಡೆ. ಆವುಲಪ್ಪ ಮಾತ್ರ ಚಾವಡಿಯ ಕಂಬಕ್ಕೆ ಬಲಗಡೆಯನ್ನು ಒರಗಿಸಿ ನಿಂತಿದ್ದ.

ಅಧಿಕಾರಿ ಯೋಜನೆಯನ್ನು ವಿವರಿಸಿ ಮುಗಿಸಿದರು. ಮೊದಲು ಎದ್ದವನು ನರಸಿಂಹಪ್ಪ. ಹುಟ್ಟಿದಾಗಿನಿಂದ ಒಂದು ಸೀನೂ ಸೀನಿಲ್ಲವೆಂದು ಹೇಳಿಕೊಳ್ಳುವ ಆಸಾಮಿ.

"ಸ್ವಾಮೀ, ನಂಗೆ ಕಾಯ್ಲೆ ಬರಲ್ಲ. ಇವ್ನು ಕೆಮ್ಮಿದ್ರೆ ನಾನ್ಯಾಕೆ ರಾಗಿ ಅಳೀಬೇಕು?"

"ಇಂದೆಕ್ಕು ಅವನು ಕೆಮ್ಮುತಾನೆ, ನಾಳೆಕ್ಕು ನೀ ಕೆಮ್ಮುತೀಯೆ," ಎಂದರು ಅಧಿಕಾರಿ. "ಎಲ್ಲಾರೂ ಕೊಟ್ಟರೆ ಎಲ್ಲಾರಿಗೂ ಆಗುತ್ತೆ."

"ನಾನು ಕೆಮ್ಮದಿದ್ರೆ? ವರ್ಷದ ಕೊನೆಗೆ ನನ್ನ ರಾಗಿ ವಾಪಸ್ ಕೊಡ್ತೀರಾ?"

"ಅದೆಲ್ಲಾಂ ಇಲ್ಲೆಪ್ಪಾ."

"ಹಂಗಾದ್ರೆ ರಾಗಿ ದಂಡ ಆಗಬಾರ್ದು ಅಂತ ನಾನು ಬೇಕೂಂತ ಕಾಯ್ಲೆ ಬೀಳಬೇಕಾಯ್ತದೆ!" ಎಂದು ನರಸಿಂಹಪ್ಪ ಹಣೆ ಚಚ್ಚಿಕೊಂಡು ಕೂತ.

ವೆಂಕಟೇಶಪ್ಪ ಎದ್ದ. "ಮಿಲ್ಟ್ರಿಯಾಗೆ ಕ್ಯಾಪ್ಟನ್‌ಗೂ ಒಂದೇ ಗುಳಿಗೆ, ಕಸ ಗುಡಿಸೋನಿಗೂ ಒಂದೇ ಗುಳಿಗೆ. ಕುರು ಎದ್ರೆ ಒಂದೇ ಏಟು, ಕತ್ತಿ ಹಾಕಿ ಚಕ್ ಅಂತ ತೆಗೀತಿದ್ರು!"

ಕಂಬಕ್ಕೊರಗಿದ್ದ ಆವುಲಪ್ಪ ಅಡಿಯಿಂದ ಮುಡಿಯವರೆಗೆ ಒಮ್ಮೆ ನಡುಗಿದ.

ಮುತ್ತರಾಯಪ್ಪನವರು ಸುಮ್ಮನಿರಲಿಲ್ಲ. "ಕತ್ತಿ ಹಾಕೋನು ವೈದ್ಯ ಅಲ್ಲ ಕಣಯ್ಯಾ, ಕಟುಕ. ಬೇರಿನಾಗೆ ಆಗ್ದಿರೋದು ಕಬ್ಣದಾಗೆ ಆಯ್ತದಾ?"

ಹೆಂಗಸರ ಕಡೆಯಿಂದ ಅಶ್ವತ್ಥಮ್ಮ ಕೇಳಿದಳು: "ಸ್ವಾಮಿ, ನಮ್ಮ ಎಮ್ಮೆಗೂ ಸೇರ್ತದಾ? ಮನೆಯಾಗೆ ಯಾವಾಗ್ಲೂ ಕಾಯ್ಲೆ ಬೀಳೋದು ಅದೇಯ."

ಎಮ್ಮೆ ಮನೆಯವರ ಲೆಕ್ಕಕ್ಕೆ ಬರುತ್ತದೆಯೇ ಎಂಬುದರ ಮೇಲೆ ಶುರುವಾದ ಜಗಳ ಮೂರು ಭಾಷೆಗಳಲ್ಲಿ ನಡೆಯಿತು. ಕನ್ನಡದಲ್ಲಿ ವಾದ, ತಮಿಳಿನಲ್ಲಿ ಸಮಾಧಾನ, ತೆಲುಗಿನಲ್ಲಿ ಬೈಗುಳ. ಕೊನೆಗೆ ಅಧಿಕಾರಿ ಕುರ್ಚಿಯಿಂದೆದ್ದು ಚಪ್ಪಾಳೆ ತಟ್ಟಿದರು.

"ಪೋದುಂ, ಪೋದುಂ, ಸಾಕು! ಯೋಜನೆ ಬೇಕು ಅನ್ನೋರು ನಿಂತುಕೊಳ್ಳಿ. ಬೇಡ ಅನ್ನೋರು ಕೂತುಕೊಳ್ಳಿ."

ಧೂಳೆಬ್ಬಿಸಿಕೊಂಡು ಒಂದಷ್ಟು ಜನ ಎದ್ದರು, ಒಂದಷ್ಟು ಜನ ನೆಲಕ್ಕೆ ಇನ್ನಷ್ಟು ಅಂಟಿಕೊಂಡರು. ಅಧಿಕಾರಿ ಎಣಿಸಿದರು. ಮತ್ತೆ ಎಣಿಸಿದರು. ಎರಡೂ ಕಡೆ ಸಮ ಸಮ. ಆಗ ಅವರ ಕಣ್ಣು ಕಂಬದ ಕಡೆಗೆ ಹೋಯಿತು. ಇಡೀ ದಿನ ನಿಂತು ಸೋತ ಆವುಲಪ್ಪ ಮಂಡಿ ಬಗ್ಗಿಸಿ, ಬೆನ್ನನ್ನು ಕಂಬಕ್ಕೆ ಆನಿಸಿ, ನಿಂತದ್ದೂ ಅಲ್ಲ ಕೂತದ್ದೂ ಅಲ್ಲ ಎಂಬಂತೆ ನೇತಾಡುತ್ತಿದ್ದ.

"ಎನ್ನಪ್ಪಾ, ನೀ ನಿಂತಿದ್ದೀಯಾ, ಕೂತಿದ್ದೀಯಾ?"

ಊರೆಲ್ಲ ತಿರುಗಿ ನೋಡಿತು. ವೆಂಕಟೇಶಪ್ಪ "ಬಿಡಬ್ಯಾಡ ಆವುಲಪ್ಪ, ನಿಲ್ಲು!" ಎಂದ. ಮುತ್ತರಾಯಪ್ಪನವರು ಮೀಸೆ ಸವರಿದರು. ಹೆಂಗಸರ ನಡುವೆ ಗೋವಿಂದಮ್ಮನ ಕಣ್ಣುಗಳು ಒಲೆಯ ಕೆಂಡದಂತೆ ಹೊಳೆದವು. ಮುದ್ದೆ, ಪಂಚೆ, ಸಂಸಾರ ಎಲ್ಲವೂ ಆವುಲಪ್ಪನ ಕಣ್ಮುಂದೆ ಬಂದವು. ಆದದ್ದಾಗಲಿ, ಕ್ಷಣಕಾಲ ತಾನೇ, ಕೂತೇಬಿಡೋಣ ಎಂದು ನಿರ್ಧರಿಸಿದ. ಹಲ್ಲು ಕಚ್ಚಿದ. ಮುನೇಶ್ವರನನ್ನು ನಿಜವಾಗಿಯೂ ನೆನೆದ. ಬಲಗಡೆಗೆ ವಾಲಿಕೊಂಡು ಮೆಲ್ಲಗೆ ಇಳಿದ.

ಆದರೆ ಅವನ ಎಡಗಡೆಗೆ, ಕಂಬದ ಬುಡದಲ್ಲಿ, ಯಾರೋ ಕಳಚಿಟ್ಟ ಎಕ್ಕಡ ಮಗುಚಿಕೊಂಡು ಬಿದ್ದಿತ್ತು. ಅದರ ಹಿಮ್ಮಡಿ ಸರಿಯಾಗಿ ಸಿಗಬೇಕಾದ ಜಾಗಕ್ಕೇ ಸಿಕ್ಕಿತು.

"ಅಯ್ಯಯ್ಯಯ್ಯೋ ಬೇಕೂ! ಡಾಕ್ಟ್ರು ಬೇಕೂ!"

ಆವುಲಪ್ಪ ಒಂದು ಮೊಳ ಮೇಲಕ್ಕೆ ನೆಗೆದು, ಎರಡೂ ಕೈ ಆಕಾಶಕ್ಕೆತ್ತಿ ನಿಂತುಬಿಟ್ಟ. ಊರಿನ ಚರಿತ್ರೆಯಲ್ಲಿ ಯಾರೂ ಅಷ್ಟು ಜೋರಾಗಿ ತಮ್ಮ ಅಭಿಪ್ರಾಯ ಹೇಳಿರಲಿಲ್ಲ. ಅಧಿಕಾರಿಯ ಕಣ್ಣಲ್ಲಿ ನೀರಾಡಿತು. "ಯೋಜನೆ ಪಾಸ್!" ಎಂದು ಸಾರಿದರು. ವೆಂಕಟೇಶಪ್ಪನ ಕಡೆಯವರು ಹೋ ಎಂದು ಕೂಗಿದರು. ಗೋವಿಂದಮ್ಮ ಸೆರಗನ್ನು ಸೊಂಟಕ್ಕೆ ಬಿಗಿದುಕೊಂಡಳು.

ಎಲ್ಲ ಕಳೆದುಕೊಂಡದ್ದಾಯಿತು, ಇನ್ನು ಬಂದ ಲಾಭವನ್ನಾದರೂ ಪಡೆಯೋಣವೆಂದು ಆವುಲಪ್ಪ ಗದ್ದಲದ ನಡುವೆ ಕುಂಟುತ್ತ ಅಧಿಕಾರಿಯ ಬಳಿಗೆ ಹೋದ. ಕಿವಿಯ ಹತ್ತಿರ ಬಗ್ಗಿ, ಕುರುವಿನ ವಿಷಯವನ್ನೂ ಅದು ಇರುವ ಜಾಗವನ್ನೂ ಪಿಸುಗುಟ್ಟಿ, "ನೀವೇ ಒಳಗಡೆ ಬಂದು ನೋಡ್ಬುಟ್ರೆ ಪುಣ್ಯ ಬತ್ತದೆ ಸ್ವಾಮಿ. ಯಾರಿಗೂ ಗೊತ್ತಾಗಬಾರ್ದು," ಎಂದ.

"ನಾನು ಡಾಕ್ಟರ್ ಇಲ್ಲೆಪ್ಪಾ," ಎಂದರು ಅಧಿಕಾರಿ, ಅವನ ಭುಜ ತಟ್ಟುತ್ತ. "ಕವಲೆ ಬೇಡ, ಚಿಂತೆ ಬೇಡ. ಡಾಕ್ಟರ್ ಇಂದೇ ಬರುತಾರು."

ಆವುಲಪ್ಪನಿಗೆ ಮಳೆ ಕಂಡ ಕಪ್ಪೆಯಷ್ಟು ಸಂತೋಷವಾಯಿತು. ಅಧಿಕಾರಿ ಜಟಕಾದಿಂದ ಒಂದು ಕಪ್ಪು ಚರ್ಮದ ಚೀಲ ತರಿಸಿ, ಗಂಟಲು ಸರಿಮಾಡಿಕೊಂಡರು.

"ಎಲ್ಲಾರೂ ಕೇಳಿ! ಓದಿದ ಡಾಕ್ಟರುಗಳು ಯುದ್ಧಕ್ಕೆ ಹೋದವರು ಇನ್ನೂ ತಿರುಗಿ ಬರಲಿಲ್ಲೆ. ಇರೋರು ಪಟ್ಟಣ ಬಿಟ್ಟು ಬರಮಾಟ್ಟೇನ್, ಬರಲ್ಲ ಅಂತಾರೆ. ಅದಕ್ಕೆ ಯೋಜನೆ ಏನು ಹೇಳುತ್ತೆ ಅಂದರೆ, ಯಾವ ಊರಲ್ಲಿ ಯಾರು ವೈದ್ಯರು ಇದ್ದಾರೋ, ಅವರೇ ಇನ್ನುಮೇಲೆ ಸರ್ಕಾರ ವೈದ್ಯರು! ಮುತ್ತರಾಯಪ್ಪ ಯಾರು? ಮುಂದೆ ಬನ್ನಿ!"

"ಇದನ್ನ ಮೊದ್ಲೇ ಯಾಕೆ ಹೇಳಲಿಲ್ಲ ಸ್ವಾಮಿ?" ಎಂದು ವೆಂಕಟೇಶಪ್ಪ ಕಿರುಚಿದ.

"ನೀವು ಯಾರೂ ಕೇಳಲಿಲ್ಲೆಯೇ!"

ಮುತ್ತರಾಯಪ್ಪನವರು ಮದುವಣಿಗನ ಗತ್ತಿನಲ್ಲಿ ಮುಂದೆ ಬಂದರು. ಚೀಲ ತೆರೆದು, ಫಳಫಳ ಹೊಳೆಯುವ ಪುಟ್ಟ ಕತ್ತಿಯನ್ನು ಎತ್ತಿ, ಬಿಸಿಲಿಗೆ ಹಿಡಿದು, ಅದರ ಬಾಯನ್ನು ಹೆಬ್ಬೆರಳಿನಿಂದ ಮುಟ್ಟಿ ನೋಡಿದರು.

"ಕಬ್ಣ ಒಳ್ಳೇದಿದೆ," ಎಂದರು.

"ನಲ್ಲ ಕಾರ್ಯ, ಒಳ್ಳೆ ಕಾರ್ಯ, ಕೂಡಲೇ ಆರಂಭ ಮಾಡಬೇಕು," ಎಂದು ಅಧಿಕಾರಿ ಉತ್ಸಾಹದಿಂದ ಕೈ ಉಜ್ಜಿದರು. "ಮೊದಲ ರೋಗಿ ಇಲ್ಲೇ ಇದ್ದಾರೆ! ಯೋಜನೆಗಾಗಿ ದಿನವೆಲ್ಲಾ ನಿಂತ ಈ ಮಹಾನುಭಾವರಿಗೆ ಒಂದು ಕುರು. ಎಲ್ಲಿ ಅಂದರೆ..." ಕನ್ನಡದಲ್ಲಿ ಆ ಜಾಗದ ಹೆಸರು ಅವರಿಗೆ ತಿಳಿಯದು. ಆದ್ದರಿಂದ ತಿರುಗಿ ನಿಂತು, ಕೋಟನ್ನು ಎತ್ತಿ, ತಮ್ಮದನ್ನೇ ತಟ್ಟಿ ತೋರಿಸಿದರು.

ಊರು ಬಿದ್ದೂ ಬಿದ್ದೂ ನಕ್ಕಿತು. ಆವುಲಪ್ಪ ಓಡಲು ನೋಡಿದ. ವೆಂಕಟೇಶಪ್ಪ ಸೋತ ಸಿಟ್ಟಿನಲ್ಲಿ ಒಂದು ರಟ್ಟೆ ಹಿಡಿದ. ಅಪ್ಪನಿಗೆ ಸರ್ಕಾರಿ ಕೆಲಸ ಸಿಕ್ಕಿದ ಖುಷಿಯಲ್ಲಿ ಗೋವಿಂದಮ್ಮ ಇನ್ನೊಂದು ರಟ್ಟೆ ಹಿಡಿದಳು.

"ಬೆಳಗ್ಗೇನೇ ಬಾಯಿ ಬಿಟ್ಟಿದ್ರೆ ಮನೆಯಾಗೇ ಮುಗ್ದು ಹೋಗ್ತಿತ್ತಲ್ಲ! ಹರಕೆಯಂತೆ, ಹರಕೆ!"

ಚಾವಡಿಯ ಜಗಲಿಯ ಮೇಲೆ ಆವುಲಪ್ಪನನ್ನು ಬೋರಲು ಮಲಗಿಸಿದರು. ಕೊರಳಲ್ಲಿ ಕನಕಾಂಬರದ ಹಾರ ಇನ್ನೂ ಇತ್ತು. ಅವನು ಕಣ್ಣು ಮುಚ್ಚಿಕೊಂಡ. ತಾನು ಯಾರನ್ನೂ ನೋಡದಿದ್ದರೆ ತನ್ನನ್ನೂ ಯಾರೂ ನೋಡಲಾರರೆಂಬ ಒಂದು ಸಣ್ಣ ಆಸೆ ಇನ್ನೂ ಉಳಿದಿತ್ತು. ಮಾವನವರು ಕತ್ತಿಯನ್ನು ದೀಪಕ್ಕೆ ಹಿಡಿದು ಕಾಯಿಸಿಕೊಂಡು ಬಂದರು.

"ನಾಚ್ಕೊಬ್ಯಾಡ ಅಳೀಮಯ್ಯ. ಈಗ ನಾನು ನಿನ್ನ ಮಾವ ಅಲ್ಲ, ಸರ್ಕಾರ."

ಸರ್ಕಾರ ಪಂಚೆ ಎತ್ತಿತು. ಆವುಲಪ್ಪನ ಕೂಗು ಕೇಳಿ ಚಾವಡಿಯ ಮಾಡಿನಲ್ಲಿದ್ದ ಪಾರಿವಾಳಗಳೆಲ್ಲ ಹಾರಿಹೋದವು.

ಎಲ್ಲ ಮುಗಿದು, ಬೂದಿ ಮೆತ್ತಿದ ಬಟ್ಟೆ ಕಟ್ಟಿದ ಮೇಲೆ, ಆವುಲಪ್ಪ ನಿಟ್ಟುಸಿರುಬಿಟ್ಟು ಮೆಲ್ಲಗೆ ಏಳಲು ಹೋದ. ಮುತ್ತರಾಯಪ್ಪನವರು ಅವನ ಬೆನ್ನಿನ ಮೇಲೆ ಕೈಯಿಟ್ಟು ಒತ್ತಿ, ಬಗ್ಗಿ, ಕಣ್ಣು ಕಿರಿದು ಮಾಡಿ ಮತ್ತೊಮ್ಮೆ ನೋಡಿದರು.

"ಬಲಗಡೆ ಇನ್ನೊಂದು ಮೊಳೀತಾ ಐತೆ," ಎಂದರು. "ಹಣ್ಣಾದ ಮೇಲೆ ಬಾ. ಹೆಂಗೂ ರಾಗಿ ಅಳೀತೀಯಲ್ಲ, ಅದೂ ಬಿಟ್ಟಿ."