ಪುಡಿಯ ಜೊತೆ ಬಾಲ್ದಿ ಫ್ರೀ

ದುಡ್ಡು ಕೊಟ್ಟು ಕೊಳ್ಳುವ ವಸ್ತುವನ್ನು ಮನುಷ್ಯ ತಿರುಗಿಸಿ ಮುರುಗಿಸಿ, ತಟ್ಟಿ, ಮೂಸಿ ನೋಡುತ್ತಾನೆ. ಪುಕ್ಕಟೆ ಬಂದದ್ದನ್ನು ಮಾತ್ರ ಕಣ್ಣುಮುಚ್ಚಿ ಚೀಲಕ್ಕೆ ಹಾಕಿಕೊಳ್ಳುತ್ತಾನೆ. ‘ಪುಕ್ಕಟೆ ಸಿಕ್ಕರೆ ನನಗೊಂದು ನಮ್ಮಪ್ಪನಿಗೊಂದು’ ಎಂದ ನಮ್ಮ ಹಿರಿಯರಿಗೆ ಈ ಸ್ವಭಾವ ಚೆನ್ನಾಗಿ ಗೊತ್ತಿತ್ತು. ಅಪ್ಪ ಅದನ್ನು ಏನು ಮಾಡಿದ ಎಂಬುದನ್ನು ಮಾತ್ರ ಅವರು ಹೇಳದೆ ಬಿಟ್ಟರು. ನನ್ನ ಮಟ್ಟಿಗೆ ಹೇಳುವುದಾದರೆ, ‘ಫ್ರೀ’ ಎಂಬ ಒಂದಕ್ಷರ ಕಂಡರೆ ಸಾಕು, ನನ್ನ ಕಾಲು ತಾನಾಗಿ ನಿಲ್ಲುತ್ತದೆ. ಶೇವಿಂಗ್ ಕ್ರೀಮಿನ ಜೊತೆ ಪುಕ್ಕಟೆ ಬಂದ ಬಾಚಣಿಗೆಗಳು ನಮ್ಮ ಮನೆಯಲ್ಲಿ ಧಾರಾಳವಾಗಿವೆ. ಅವುಗಳಿಗೆ ಬೇಕಾದ ಕೂದಲು ಮಾತ್ರ ಈಗ ನನ್ನಲ್ಲಿಲ್ಲ.

ನಾನು ಹೇಳುತ್ತಿರುವುದು ಎಂಬತ್ತರ ದಶಕದ ಮಾತು. ನಾವಾಗ ಮುಂಬಯಿ ಹತ್ತಿರದ ಡೊಂಬಿವಲಿಯಲ್ಲಿದ್ದೆವು. ಆ ಊರಿನಲ್ಲಿ ಒಂದು ಸಂಸಾರದ ಅಂತಸ್ತನ್ನು ಅಳೆಯುತ್ತಿದ್ದದ್ದು ಚಿನ್ನದಿಂದಲ್ಲ, ಬಾಲ್ದಿಗಳಿಂದ. ಬೆಳಿಗ್ಗೆ ನಲ್ಲಿ ಸ್ವಲ್ಪ ಹೊತ್ತು ಕೆಮ್ಮಿ, ಸ್ವಲ್ಪ ಹೊತ್ತು ಹರಿದು, ಮತ್ತೆ ಮರುದಿನದವರೆಗೆ ಮೌನವ್ರತ ಹಿಡಿಯುತ್ತಿತ್ತು. ಅಷ್ಟರಲ್ಲಿ ತುಂಬಿಸಿಕೊಂಡದ್ದೇ ಭಾಗ್ಯ. ನನ್ನ ಹೆಂಡತಿ ವನಜ ಉಡುಪಿ ಕಡೆಯವಳು, ಬಾವಿಯ ಪಕ್ಕದಲ್ಲೇ ಹುಟ್ಟಿ ಬೆಳೆದವಳು. ನೀರನ್ನೂ ಹಾಲಿನ ಹಾಗೆ ಅಳೆದು ಬಳಸಬೇಕೆಂದು ಅವಳು ಕಲಿತದ್ದು ಇಲ್ಲಿಗೆ ಬಂದ ಮೇಲೆ. ಆ ವರ್ಷ ಅವಳ ದೊಡ್ಡ ಬಾಲ್ದಿ ಬಿರುಕು ಬಿಟ್ಟಿತು. ನಾನು ಅದಕ್ಕೆ ಮೇಣ ಬಳಿದೆ. ಅದು ಮೊದಲಿಗಿಂತ ಹೆಚ್ಚು ಸೋರತೊಡಗಿತು.

ಇದೇ ಹೊತ್ತಿಗೆ ನನಗೊಂದು ಕೀರ್ತಿ ಅಂಟಿಕೊಂಡಿತ್ತು. ಗ್ರಾಹಕರಿಗಾಗಿ ಹೊಸ ಕಾಯಿದೆ ಬಂದ ಹೊಸತು. ನಮ್ಮ ಕಡೆಯವರೆಲ್ಲ ಸೇರುವ ಸಂಘದಲ್ಲಿ ಅದರ ಬಗ್ಗೆ ಮಾತನಾಡಬೇಕಿದ್ದ ವಕೀಲರು, ಲೋಕಲ್ ಟ್ರೇನು ದಾರಿಯಲ್ಲಿ ನಿಂತುಬಿಟ್ಟದ್ದರಿಂದ ಬರಲೇ ಇಲ್ಲ. ಬೆಳಗಿನ ಪೇಪರಿನಲ್ಲಿ ಅರ್ಧ ಪುಟ ಓದಿದ್ದ ನನ್ನನ್ನು ಕಾರ್ಯದರ್ಶಿಗಳು ಎಳೆದುತಂದು ಮೈಕಿನ ಮುಂದೆ ನಿಲ್ಲಿಸಿದರು. ಗ್ರಾಹಕನೆಂದರೆ ಸಾಮಾನ್ಯನಲ್ಲ, ಅವನು ಕೇಳಬೇಕು, ಕೇಳುವುದು ಅವನ ಹಕ್ಕು ಎಂದು ನಾನು ಮೇಜು ಕುಟ್ಟಿ ಹೇಳಿದೆ. ಜನ ಚಪ್ಪಾಳೆ ತಟ್ಟಿದರು. ಅಂದಿನಿಂದ ಅಕ್ಕಿಯಲ್ಲಿ ಕಲ್ಲು ಸಿಕ್ಕಿದವರೆಲ್ಲ ನನ್ನನ್ನು ದಾರಿಯಲ್ಲಿ ನಿಲ್ಲಿಸತೊಡಗಿದರು.

ಹೀಗಿರುವಾಗ ಪಕ್ಕದ ಠಾಣೆ ಪಟ್ಟಣದ ನೌಪಾಡಾ ಪೇಟೆಯಲ್ಲಿ ಹೊಸ ಮಾದರಿಯ ದೊಡ್ಡ ಅಂಗಡಿಯೊಂದು ತೆರೆಯಿತು. ನಾವೇ ಬುಟ್ಟಿ ಹಿಡಿದು, ನಾವೇ ಸಾಮಾನು ಹುಡುಕಿ, ನಾವೇ ಹೊತ್ತು ತಂದು ಗಲ್ಲಾದ ಮುಂದೆ ಸಾಲು ನಿಲ್ಲಬೇಕು. ಅಂದರೆ ಅಂಗಡಿಯವನ ಕೆಲಸವನ್ನೆಲ್ಲ ಗಿರಾಕಿಯೇ ಮಾಡಿಕೊಟ್ಟು, ಲಾಭ ಮಾತ್ರ ಅವನಿಗೆ ಬಿಡುವ ಹೊಸ ಪದ್ಧತಿ. ಒಂದು ಭಾನುವಾರ ವನಜ, ಕಾಲೇಜಿಗೆ ಹೋಗುವ ಮಗಳು ಸ್ಮಿತಾ ಮತ್ತು ನಾನು ಅಲ್ಲಿಗೆ ಹೋದೆವು. ಒಳಗೆ ಕಾಲಿಡುತ್ತಲೇ ನನ್ನ ಕಾಲು ನಿಂತಿತು. ಎದುರಿಗೆ ದೊಡ್ಡ ದೊಡ್ಡ ನೀಲಿ ಬಾಲ್ದಿಗಳ ಗೋಪುರ. ಒಂದೊಂದರಲ್ಲೂ ಬಟ್ಟೆ ಒಗೆಯುವ ಪುಡಿಯ ಒಂದೊಂದು ಭಾರೀ ಪ್ಯಾಕೆಟ್ಟು, ತೊಟ್ಟಿಲಲ್ಲಿ ಮಗು ಮಲಗಿದಂತೆ. ಮೇಲೆ ಕೆಂಪು ಬೋರ್ಡು: ಪುಡಿಯ ಜೊತೆ ಬಾಲ್ದಿ ಫ್ರೀ. ವನಜಳ ಮುಖ ಅರಳಿತು. ಬಾಲ್ದಿ ಗಲ್ಲಾದಲ್ಲಿ ಸಿಗುತ್ತದೆಂದು ಅಂಗಡಿಯ ಹುಡುಗ ಹೇಳಿದ್ದರಿಂದ ಪ್ಯಾಕೆಟ್ಟನ್ನಷ್ಟೇ ಎತ್ತಿಕೊಂಡೆವು.

ಗಲ್ಲಾದಲ್ಲಿ ಮ್ಯಾನೇಜರನೇ ಕೂತಿದ್ದ. ಹಣ ಎಣಿಸಿಕೊಂಡು, ಮೇಜಿನ ಕೆಳಗೆ ಬಗ್ಗಿ, ಒಂದು ಬಾಲ್ದಿಯನ್ನು ನಮ್ಮ ಮುಂದಿಟ್ಟ. ಚೌಪಾಟಿಯಲ್ಲಿ ಮಕ್ಕಳು ಮರಳಿನ ಮನೆ ಕಟ್ಟಲು ಒಯ್ಯುತ್ತಾರಲ್ಲ, ಆ ಗಾತ್ರದ್ದು. ಹೆಣ್ಣು ನೋಡಲು ಬಂದವರಿಗೆ ಅಕ್ಕನನ್ನು ತೋರಿಸಿ, ಧಾರೆಗೆ ತಂಗಿಯನ್ನು ಕೂರಿಸಿದ ಹಾಗಾಯಿತು. ವನಜ ಗೋಪುರದ ಕಡೆ ಬೆರಳು ತೋರಿಸಿದಳು. ಮ್ಯಾನೇಜರ್ ಸಮಾಧಾನದಿಂದಲೇ ಹೇಳಿದ: “ಬೋರ್ಡ್ ಪರ್ ಬಾಲ್ಟೀ ಲಿಖಾ ಹೈ, ಬಾಲ್ಟೀ ಮಿಲೀ. ಸೈಝ್ ಕಹಾಂ ಲಿಖಾ ಹೈ?”

ಮಾತೇನೋ ನಿಜ, ಗಾತ್ರ ಎಲ್ಲೂ ಬರೆದಿರಲಿಲ್ಲ. ಮನೆಗೆ ಹೋಗುವ ಕಲ್ಯಾಣ್ ಲೋಕಲಿಗೆ ಹೊತ್ತಾಯಿತು, ಹೋಗೋಣ ಎಂದು ನಾನು ವನಜಳ ಕಿವಿಯಲ್ಲಿ ಹೇಳಿದೆ. ಅಷ್ಟರಲ್ಲಿ ಹಿಂದಿನಿಂದ ಯಾರೋ ನನ್ನ ಹೆಗಲ ಮೇಲೆ ಕೈಯಿಟ್ಟರು. ನೌಪಾಡಾದಲ್ಲೇ ಹೋಟೆಲು ನಡೆಸುತ್ತಿದ್ದ, ನಮ್ಮ ಸಂಘದ ಶೆಟ್ಟರು.

“ರಾಯರೆ, ನೀವು ಇದ್ದದ್ದು ಒಳ್ಳೆದಾಯ್ತು ಮಾರಾಯ್ರೆ. ಮೊನ್ನೆ ಭಾಷಣದಲ್ಲಿ ಹೇಳಿದ್ದನ್ನು ಇವನಿಗೂ ಸ್ವಲ್ಪ ಹೇಳಿ” ಎಂದರು.

ಸಾಲಿನಲ್ಲಿದ್ದವರೆಲ್ಲ ನನ್ನ ಕಡೆ ತಿರುಗಿದರು. ಓಡಲು ದಾರಿಯಿರಲಿಲ್ಲ. ಗಂಟಲು ಸರಿಮಾಡಿಕೊಂಡು, ನನಗೆ ತಿಳಿದ ಹಿಂದಿಯಲ್ಲಿ ಶುರುಮಾಡಿದೆ: “ದೇಖೋ, ಆಪ್ ಕಾ ಬಾಲ್ಟೀ ಬಹುತ್ ಛೋಟಾ ಹೈ.”

“ಪಪ್ಪಾ, ಛೋಟೀ. ಬಾಲ್ಟೀ ಸ್ತ್ರೀಲಿಂಗ್ ಹೈ” ಎಂದಳು ಸ್ಮಿತಾ. ನಾವು ಕನ್ನಡದಲ್ಲಿ ಏನು ಹೇಳಿದರೂ ಹಿಂದಿಯಲ್ಲೋ ಮರಾಠಿಯಲ್ಲೋ ಉತ್ತರ ಕೊಡುವುದು ಅವಳ ರೂಢಿ. ಮ್ಯಾನೇಜರನೂ ಬಹಳ ಸಂತೋಷದಿಂದ ಅವಳ ಮಾತನ್ನು ಒಪ್ಪಿಕೊಂಡ. ಸಾಲಿನಲ್ಲಿದ್ದ ಇನ್ನೊಬ್ಬರು, ಮರಾಠಿಯಲ್ಲೂ ಅದು ಸ್ತ್ರೀಲಿಂಗವೇ ಎಂದು ಸೇರಿಸಿದರು. ಗ್ರಾಹಕರ ಹಕ್ಕಿನಿಂದ ಹೊರಟ ಮಾತು ವ್ಯಾಕರಣಕ್ಕೆ ಹೊರಳಿ, ಕನ್ನಡದಲ್ಲಿ ನಪುಂಸಕವಾಗಿ ನೆಮ್ಮದಿಯಿಂದಿದ್ದ ಬಾಲ್ದಿ ನನ್ನನ್ನು ನಡುಬೀದಿಯಲ್ಲಿ ಕೈಬಿಟ್ಟಿತು.

ವನಜ ಮಾತ್ರ ಪುಡಿಯ ಪ್ಯಾಕೆಟ್ಟನ್ನೆತ್ತಿ ಆ ಪುಟ್ಟ ಬಾಲ್ದಿಯೊಳಗೆ ಇಡಲು ನೋಡಿದಳು. ಅದು ಒಳಗೆ ಇಳಿಯದೆ ಪಕ್ಕಕ್ಕೆ ವಾಲಿತು. ಮತ್ತೆ ಇಟ್ಟಳು, ಈ ಸಲ ಬಾಲ್ದಿಯೂ ಉರುಳಿತು. ಬಳಿಕ ಎರಡನ್ನೂ ಮ್ಯಾನೇಜರನ ಮುಂದೆ ಸರಿಸಿ, ತರಕಾರಿ ಮಾರ್ಕೆಟ್ಟಿನಲ್ಲಿ ಕಲಿತ ಮರಾಠಿಯಲ್ಲಿ ಮೆಲ್ಲಗೆ ಹೇಳಿದಳು: “ದಾದಾ, ತಿಥೇ ಜಸಾ ಠೇವ್ಲಾಯ್, ತಸಾ ಠೇವೂನ್ ದ್ಯಾ.” ಅಲ್ಲಿ ಹೇಗೆ ಇಟ್ಟಿದ್ದೀರೋ, ಹಾಗೆಯೇ ಇಟ್ಟುಕೊಡಿ.

ಅವನು ಪ್ರಯತ್ನಪಟ್ಟ. ಅಡ್ಡ ಇಟ್ಟ, ಉದ್ದ ಇಟ್ಟ. ಸಾಲಿನಲ್ಲಿದ್ದ ಹೆಂಗಸರು ಸೆರಗು ಬಾಯಿಗೆ ಹಿಡಿದು ನಗತೊಡಗಿದರು. ಆಗಲೇ ಪುಟ್ಟ ಬಾಲ್ದಿ ತೆಗೆದುಕೊಂಡು ಬಾಗಿಲು ದಾಟಿದ್ದ ಒಬ್ಬಾಕೆ, ಏನೆಂದು ನೋಡಲು ಹಿಂದಿರುಗಿ ಬಂದು ತನ್ನದನ್ನೂ ಮೇಜಿನ ಮೇಲಿಟ್ಟಳು. ದುಡ್ಡು ವಾಪಸು ಕೊಡುತ್ತೇನೆ ಎಂದ ಮ್ಯಾನೇಜರ್. ದುಡ್ಡು ಬೇಡ, ತೋರಿಸಿದ್ದನ್ನು ಕೊಡಿ ಎಂದಳು ವನಜ. ಅವಳು ಜಗಳವಾಡಲಿಲ್ಲ, ದನಿಯೆತ್ತಲೂ ಇಲ್ಲ. ಆದರೆ ನಿಂತಲ್ಲಿಂದ ಕದಲಲಿಲ್ಲ. ಭಾನುವಾರದ ಸಾಲು ಬಾಗಿಲು ದಾಟಿ ಫುಟ್‌ಪಾತಿಗೆ ಇಳಿಯಿತು. ಕೊನೆಗೆ ಮ್ಯಾನೇಜರ್ ತಾನೇ ಎದ್ದುಹೋಗಿ ಗೋಪುರದ ತುದಿಯ ಬಾಲ್ದಿಯನ್ನು ತಂದುಕೊಟ್ಟ. ಹಿಂದಿನವರೆಲ್ಲ ತಮಗೂ ಅದೇ ಬೇಕೆಂದರು. ಗೋಪುರ ನಮ್ಮ ಕಣ್ಣೆದುರೇ ಕರಗಿತು. ಬೋರ್ಡೂ ಕೆಳಗಿಳಿಯಿತು. ಶೆಟ್ಟರು ನನ್ನ ಕೈ ಕುಲುಕಿ ಅಭಿನಂದಿಸಿದರು. ಸ್ಮಿತಾ ಅವರನ್ನೊಮ್ಮೆ, ನನ್ನನ್ನೊಮ್ಮೆ ನೋಡಿ, ಬಾಲ್ದಿಯನ್ನು ಅಮ್ಮನ ಕೈಗೆ ಕೊಟ್ಟಳು.

ಬಾಲ್ದಿ ಚೆನ್ನಾಗಿತ್ತು, ಪುಡಿಯಲ್ಲಿ ಮಾತ್ರ ನೊರೆ ಬರಲಿಲ್ಲ. “ಈ ಸಲ ನೀವೇ ಹೋಗಿ ಕೇಳಿ. ನಿಮಗೆ ಕಾಯಿದೆ ಗೊತ್ತುಂಟಲ್ಲ” ಎಂದಳು ವನಜ. ಅರ್ಧ ಪ್ಯಾಕೆಟ್ಟನ್ನು ಚೀಲದಲ್ಲಿಟ್ಟುಕೊಂಡು, ಆಫೀಸಿನಿಂದ ಬರುವಾಗ ಠಾಣೆಯಲ್ಲಿಳಿದೆ.

ಮ್ಯಾನೇಜರ್ ನನ್ನನ್ನು ಕಂಡು ಎದ್ದುನಿಂತ. ಇವರು ಕಾಯಿದೆ ಬಲ್ಲ ಸಾಹೇಬರು ಎಂದು ಅಂಗಡಿಯವರಿಗೆಲ್ಲ ಪರಿಚಯಿಸಿ, ಫ್ಯಾನಿನ ಕೆಳಗೆ ಕೂರಿಸಿ, ತಂಪು ಪಾನೀಯ ತರಿಸಿದ. ಮುಂದಿನ ವಾರ ಚಹಾಪುಡಿಯ ಜೊತೆ ಕಪ್ಪು-ಬಸಿ ಫ್ರೀ ಇಡುತ್ತಿದ್ದಾರಂತೆ. ಬೋರ್ಡಿನಲ್ಲಿ ತಪ್ಪಾಗಬಾರದು, ನಿಮ್ಮಂಥವರು ಒಂದು ಮಾತು ಹೇಳಿದರೆ ಉಪಕಾರ ಎಂದ. ನನ್ನ ಸಲಹೆಯನ್ನು ಮನೆಯಲ್ಲಿ ಯಾರೂ ಕೇಳಿ ವರ್ಷಗಳೇ ಆಗಿದ್ದವು. ನಾನು ಪೆನ್ನು ತೆಗೆದು, ಬಹಳ ಯೋಚಿಸಿ, ಕಾಯಿದೆಗೆ ಒಪ್ಪುವಂಥ ಒಂದು ಸಾಲು ಬರೆದುಕೊಟ್ಟೆ. ಎಲ್ಲರಿಗೂ ಕೈಮುಗಿದು ಹೊರಟೆ. ಚೀಲದ ಪುಡಿ ನೆನಪಾದದ್ದು ಟ್ರೇನು ಠಾಣೆ ಬಿಟ್ಟು ಮುಂಬ್ರಾ ದಾಟಿದ ಮೇಲೆ.

ಮುಂದಿನ ಭಾನುವಾರ ಮೂವರೂ ಮತ್ತೆ ಹೋದೆವು. ಚಹಾದ ಪ್ಯಾಕೆಟ್ಟುಗಳ ಸುತ್ತ ಚಿನ್ನದ ಅಂಚಿನ ಕಪ್ಪುಗಳನ್ನು ಜೋಡಿಸಿದ್ದರು. ಬೋರ್ಡಿನ ಕೆಳತುದಿಯಲ್ಲಿ ಇರುವೆ ಸಾಲಿನಂಥ ಅಕ್ಷರಗಳಿದ್ದವು. ಸ್ಮಿತಾ ಬಗ್ಗಿ ಅದನ್ನು ಓದಿ ಅಮ್ಮನಿಗೆ ಹೇಳಿದಳು: ಇಲ್ಲಿ ತೋರಿಸಿದ ಗಾತ್ರ, ಬಣ್ಣ, ಆಕಾರಗಳೇ ಸಿಗಬೇಕೆಂದಿಲ್ಲ. ವನಜಳೂ ಬಗ್ಗಿ ಬೋರ್ಡನ್ನು ನೋಡಿದಳು.

“ಇದು ಅಂಗಡಿಯವನ ತಲೆಯಲ್ಲ. ಯಾರೋ ಕಲಿತ ಕಳ್ಳ ಹೇಳಿಕೊಟ್ಟಿದ್ದಾನೆ” ಎಂದಳು.

ದೂರದಿಂದ ಮ್ಯಾನೇಜರ್ ನನಗೆ ಎರಡೂ ಕೈ ಜೋಡಿಸಿ ನಮಸ್ಕಾರ ಮಾಡುತ್ತಿದ್ದ. ನಾನು ಅವನಿಗೆ ಬೆನ್ನು ತಿರುಗಿಸಿ ನಿಂತು, ತೊಗರಿಬೇಳೆಯ ಬೆಲೆಯನ್ನು ಬಹಳ ಗಮನವಿಟ್ಟು ಓದತೊಡಗಿದೆ.