ಮಾವನ ಮನೆಗೆ ಕೊಟ್ಟ ಐದು ತೂತಿನ ಬಾಕ್ಸು

ವೈರಿಂಗ್ ಕೆಲಸದವನ ಮರ್ಯಾದೆ ಊರಲ್ಲೆಲ್ಲ ಉಳಿದರೂ ಮಾವನ ಮನೇಲಿ ಉಳಿಯೋದು ಕಷ್ಟ. ನಾನು ತಾಳವಾಡಿ ಕಡೆ ಇಪ್ಪತ್ತು ವರ್ಷದಿಂದ ವೈರು ಎಳೀತಿರೋನು. ಗುಮಟಾಪುರದ ಮಾವನ ಮನೇಲಿ "ಕರೆಂಟ್ ಇಚಾರ ಅಳಿಯಂದ್ರು ಏಳ್ದಂಗೆ" ಅನ್ನೋ ಗೌರವ ನನಗಿತ್ತು. ಹೋದ ವರ್ಷ ಗಣೇಶನ ಹಬ್ಬಕ್ಕೆ ಬರಿಗೈಲಿ ಹೋಗಬಾರದು ಅಂತ ಒಂದು ಎಕ್ಸ್‌ಟೆನ್ಷನ್ ಬಾಕ್ಸ್ ಕೊಟ್ಟೆ ನೋಡಿ, ಅಲ್ಲಿಗೆ ಶುರುವಾಯ್ತು.

೧. ಮಡಿ

ಆಯುಧಪೂಜೆ ದಿನ ಹೋದರೆ ಜಗುಲಿ ಮೇಲೆ ತಾಮ್ರದ ಚೊಂಬುಗಳ ಪಕ್ಕ ನನ್ನ ಬಾಕ್ಸು ಬಿಸಿಲಿಗೆ ಬೋರಲು ಮಲಗಿದೆ.

"ಅತ್ತೆ, ಇದನ್ನ ಯಾಕೆ ತೊಳೆದ್ರಿ?"

"ನೇಗ್ಲು, ಮಚ್ಚು ಎಲ್ಲಾ ತೊಳ್ದು ಪೂಜ ಮಾಡಿವ್ನಿ. ಇದೊಂದ ಯಾಕ ಮೈಲಿಗೇಲಿ ಬುಡಾದು?"

ತೊಳೆದಿದ್ದಷ್ಟೇ ಅಲ್ಲ, ಐದು ತೂತಿಗೂ ವಿಭೂತಿ ಮೆತ್ತಿದ್ದರು. ಬಿಚ್ಚಿ, ಕೆದಕಿ, ಮೂರು ದಿನ ಒಣಗಿಸಿ ಕೊಟ್ಟೆ. ಆವತ್ತಿಂದ ಅತ್ತೆ ಕೈ ಮುಗಿದೇ ಪ್ಲಗ್ ಹಾಕೋದು. ಆ ಮನೆಯ ಹಳೇ ವೈರಿಂಗ್ ನೆನೆಸಿಕೊಂಡು ನಾನೂ ಕೈ ಮುಗಿದೆ.

೨. ಎರಡನೇ ಎತ್ತು

ಮುಂದಿನ ವಾರ ಹೋದಾಗ ಆ ಒಂದೇ ಬಾಕ್ಸಿಗೆ ಫ್ರಿಜ್ಜು, ಗ್ರೈಂಡರು, ಮಿಕ್ಸಿ, ಟಿವಿ, ಇಸ್ತ್ರಿಪೆಟ್ಟಿಗೆ ಐದೂ ಜೋತು ಬಿದ್ದಿದ್ದವು. ಮುಟ್ಟಿದರೆ ಬಾಕ್ಸು ರೊಟ್ಟಿ ಹೆಂಚಿನ ಹಾಗೆ ಬಿಸಿ.

ಮಾವ ಅಂದರು, "ಐದು ತೂತು ಮಡಗವ್ರ. ಖಾಲಿ ಯಾಕ ಬುಡಾದು?"

"ಮಾವ, ಒಂದು ಎತ್ತಿಗೆ ಐದು ನೇಗಿಲು ಕಟ್ತೀರಾ? ಫ್ರಿಜ್ಜು, ಗ್ರೈಂಡರು, ಇಸ್ತ್ರಿಪೆಟ್ಟಿಗೆ ಎಲ್ಲ ಗೋಡೆ ಪ್ಲಗ್ಗಿಗೆ ಹಾಕಿ. ಸುಟ್ಟ ವಾಸನೆ ಬಂದರೆ ಮೊದಲು ಮೇನ್ ಆಫ್ ಮಾಡಿ."

ಮಾವ ತಲೆ ಆಡಿಸಿದರು. ರೈತನಿಗೆ ಎತ್ತಿನ ಲೆಕ್ಕದಲ್ಲಿ ಹೇಳಿದರೆ ತಿಳಿಯುತ್ತೆ ಅಂತ ಬೀಗಿಕೊಂಡು ಬಂದೆ. ಎರಡು ದಿನ ಬಿಟ್ಟು ಹೋದರೆ ಇನ್ನೊಂದು ಹೊಸ ಬಾಕ್ಸು ಬಂದಿದೆ. ಅದರ ಪ್ಲಗ್ಗು ಹಳೇ ಬಾಕ್ಸಿನೊಳಗೇ ಇದೆ.

"ನೀವು ಏಳ್ದಂಗೇಯ ಅಳಿಯಂದ್ರೇ," ಅಂದರು ಮಾವ. "ಎಲ್ಡ್ನೇ ಎತ್ತು ತಂದು ಕಟ್ಟಿವ್ನಿ."

೩. ಸಗಣಿ ಹಬ್ಬ

ದೀಪಾವಳಿ ಆದ ಮೇಲೆ ಗುಮಟಾಪುರದಲ್ಲಿ ಬೀರೇಶ್ವರನ ಗುಡಿ ಹತ್ತಿರ ಸಗಣಿ ಎರಚಾಟ. ಊರ ಅಳಿಯ ಸಿಕ್ಕರೆ ಬಿಡ್ತಾರಾ? ನನ್ನ ಕಣ್ಣೆರಡು ಬಿಟ್ಟು ಮಿಕ್ಕಿದ್ದೆಲ್ಲ ಸಗಣಿ.

ಮನೆಗೆ ಬಂದರೆ ಸ್ನಾನಕ್ಕೆ ನಾಲ್ಕು ಜನ ಭಾಮೈದುನರ ಸಾಲು. ನೀರೊಲೆ ಹೊಗೆ ಅಂತ ನಾನೇ ಹೇಳಿ ಹಂಡೆ ಕೀಳಿಸಿ, ಬಕೆಟ್ಟಿಗೆ ಇಳಿಬಿಡೋ ಹೀಟರು ಕೊಡಿಸಿದ್ದೆ. ಒಂದು ಸಲಕ್ಕೆ ಒಂದೇ ಹೀಟರು, ಅದೂ ಗೋಡೆ ಪ್ಲಗ್ಗಿಗೇ ಅನ್ನೋ ಕಾನೂನೂ ನನ್ನದೇ. "ಅಳಿಯಂದ್ರು ಮೊದ್ಲು" ಅಂದರು. "ಪರವಾಗಿಲ್ಲ, ಮೊದಲು ನಿಮ್ಮದಾಗಲಿ" ಅಂದೆ. ದೊಡ್ಡಸ್ತಿಕೆ ಬೇಕಿತ್ತಾ ನನಗೆ?

ಒಬ್ಬೊಬ್ಬನಿಗೆ ಅರ್ಧ ಗಂಟೆ. ಎರಡನೆಯವನು ಒಳಗೆ ಹೋಗುವಷ್ಟರಲ್ಲಿ ನನ್ನ ಮೈಮೇಲಿನ ಸಗಣಿ ಒಣಗಿ, ಮುಖ ಬಿಗಿದು, ನಗೋಕೂ ಆಗದು. ಯಾರೂ ನೋಡ್ತಿಲ್ಲ ಅಂತ ಹಿತ್ತಲಿಗೆ ಬಕೆಟ್ ಒಯ್ದು, ಪಕ್ಕದ ಮನೆಯ ಹೀಟರು ತಂದು, ಅಡಿಗೆಮನೆಯ ಹಿತ್ತಲ ಬಾಗಿಲ ಪಕ್ಕದಲ್ಲಿದ್ದ ಅದೇ ಬಾಕ್ಸಿಗೆ ಸಿಕ್ಕಿಸಿ ಕೂತೆ. ಬಾಕ್ಸಲ್ಲಿ, ನಾನು ಎಷ್ಟು ಹೇಳಿದರೂ ಮಾವ ಕೀಳದ ಫ್ರಿಜ್ಜು, ಗ್ರೈಂಡರು ಆಗಲೇ ಓಡ್ತಿದ್ದವು. ಪ್ಲಾಸ್ಟಿಕ್ಕು ಕರಗಿರಬೇಕು, ವಾಸನೆಯೂ ಬಂದಿರಬೇಕು. ಆದರೆ ಮೂಗಿನ ತುಂಬ ಸಗಣಿ ಇರೋನಿಗೆ ಸುಟ್ಟ ವಾಸನೆ ಎಲ್ಲಿ ಗೊತ್ತಾಗುತ್ತೆ?

ಡಬ್ ಅಂತು. ಮನೆಯೆಲ್ಲ ಕತ್ತಲು. ಬಚ್ಚಲಿಂದ ಸೋಪು ಹಚ್ಚಿಕೊಂಡಿದ್ದ ಭಾಮೈದುನ ಕೂಗಿಕೊಂಡ.

ಅತ್ತೆ ಬಂದು ಅಭ್ಯಾಸದಂತೆ ಬಾಕ್ಸಿಗೆ ಕೈ ಮುಗಿದರು. ಮಾವ ಮೇನ್ ಆಫ್ ಮಾಡಿ ಬಂದು, ಕರಗಿದ ಬಾಕ್ಸನ್ನ ಕೋಲಿನ ತುದೀಲಿ ಎತ್ತಿ ನೋಡಿದರು. ಆಮೇಲೆ ಸಗಣಿ ಬೊಂಬೆಯಾಗಿ ಕೂತಿದ್ದ ನನ್ನನ್ನ ನೋಡಿದರು.

"ಎಷ್ಟು ನೇಗ್ಲು ಕಟ್ಟುದ್ರಿ ಅಳಿಯಂದ್ರೇ? ಎತ್ತು ಮಲಿಕಂಡ್ಬುಡ್ತಲ್ಲ."

ನಾನು ಮಾತಾಡಿದರೆ ಮುಖ ಬಿರುಕು ಬಿಡುತ್ತಿತ್ತು.

"ಓಗ್ಲಿ, ನೀವು ಕೀಳ್ಸಿದ್ ನೀರಂಡೆ ಕೊಟ್ಟಿಗೇಲಿ ಅದ, ತತ್ತೀನಿ," ಅಂದರು ಮಾವ. "ನೀವು ಸೌದೆ ತನ್ನಿ. ಒಂದೊಂದಾಗೇ ತನ್ನಿ, ಲೋಡ್ ಜಾಸ್ತಿ ಆಗ್ಬುಟ್ಟಾತು."