ಹಚಾ ಎನ್ನಬಾರದ ದಿನ

ಕೇಬಲ್ಲಿಗೆ ಮೆಣಸಿನಕಾಯಿ ಅರೆದು ಹಚ್ಚುವ ಉಪಾಯ ನರಬೀರ್ ಗುರುಂಗ್ ಮೇಷ್ಟ್ರದಲ್ಲ, ಪಕ್ಕದ ಮನೆಯ ಇಂದಿರಾ ಅತ್ತಿಗೆಯದು. ಆದರೆ ಪೋಖರಾದ ಆ ಓಣಿಯಲ್ಲಿ ಉಪಾಯ ಒಬ್ಬರು ಹೇಳುವುದು, ಬೈಗುಳ ಇನ್ನೊಬ್ಬರು ತಿನ್ನುವುದು ಮೊದಲಿನಿಂದಲೂ ನಡೆದುಬಂದ ಏರ್ಪಾಡು.

ಮೇಷ್ಟ್ರ ಮನೆಗೆ ಗೇಟಿದೆ, ಗೇಟಿನೊಳಗೆ ಕಾರು ಹಿಡಿಸುವಷ್ಟು ಜಾಗವಿಲ್ಲ. ಹಾಗಾಗಿ ಅವರ ಸೆಕೆಂಡ್ ಹ್ಯಾಂಡ್ ಕರೆಂಟು ಕಾರು ಓಣಿಯಲ್ಲೇ ನಿಂತು, ಗೋಡೆಯ ಪೆಟ್ಟಿಗೆಯಿಂದ ನೆಲದ ಮೇಲೆ ಹರಿದುಬರುವ ಕೇಬಲ್ಲಿನಿಂದ ಹೊಟ್ಟೆ ತುಂಬಿಸಿಕೊಳ್ಳಬೇಕು. ಪೇಟೆಯ ದೊಡ್ಡ ಚಾರ್ಜರುಗಳು ಆ ಹಳೆಯ ಕಾರಿಗೆ ಹೊಂದುವುದಿಲ್ಲ. ಕಳೆದ ತಿಂಗಳು ಯಾರೋ ಆ ಕೇಬಲ್ಲನ್ನು ಅಗಿದು ಹಾಕಿದ್ದರು. ಬೆಳಿಗ್ಗೆ ಎದ್ದು ನೋಡಿದಾಗ ಪಕ್ಕದಲ್ಲಿ ನಿಂತಿದ್ದದ್ದು ಓಣಿಯ ಕರಿನಾಯಿ ಕಾಲೆ.

"ಇದರದೇ ಕೆಲಸ ಸರ್," ಎಂದು ಇಂದಿರಾ ಅತ್ತಿಗೆ ಅಂದೇ ತೀರ್ಪು ಕೊಟ್ಟಿದ್ದರು. ಅವರ ಕಂಕುಳಲ್ಲಿ ಸ್ವೆಟರ್ ತೊಟ್ಟ ಬಿಳಿ ನಾಯಿ ಫುಚ್ಚೆ ಕಣ್ಣು ಪಿಳಿಪಿಳಿ ಬಿಡುತ್ತಿತ್ತು. "ಬೀದಿನಾಯಿಗೆ ಸಂಸ್ಕಾರ ಎಲ್ಲಿಂದ ಬರ್ಬೇಕು? ನಮ್ಮ ಫುಚ್ಚೆ ನೋಡಿ, ತುಪ್ಪ ಇಲ್ದೆ ಅನ್ನಾನೂ ಮೂಸಲ್ಲ."

ಹೊಸ ಕೇಬಲ್ಲು ಬಂದಿತ್ತು. ಇವತ್ತು ಅದಕ್ಕೇನಾದರೂ ಆದರೆ ಮೇಷ್ಟ್ರ ಮಾನ ಉಳಿಯುವಂತಿರಲಿಲ್ಲ. ಮಾವ ಸುಬೇದಾರ್ ಘಲೆ ಮದುವೆಯಲ್ಲಿ ಕೊಟ್ಟ ಮೋಟಾರ್‌ಸೈಕಲ್ಲು ಮಾರಿ ಈ ಕಾರು ಕೊಂಡದ್ದೇ ತಪ್ಪಾಗಿ, ಅವರು ಒಂದು ವರ್ಷದಿಂದ ಮಗಳ ಮನೆಯ ಹೊಸ್ತಿಲು ತುಳಿದಿರಲಿಲ್ಲ. ಈ ತಿಹಾರ್ ಹಬ್ಬಕ್ಕೆ ಮಗಳು ಯಾಮ ಅತ್ತು ಕರೆದಾಗ ಒಂದು ಷರತ್ತು ಹಾಕಿದ್ದರು: "ನಿನ್ನ ಗಂಡನ ಬ್ಯಾಟರಿ ಡಬ್ಬಿ ನಮ್ಮೂರ ಏರು ಹತ್ತಿ ಮೂರು ಗಂಟೆಗೆ ನನ್ನ ಬಾಗಿಲಿಗೆ ಬಂದ್ರೆ ಹತ್ತಿ ಕೂರ್ತೀನಿ. ಬರ್ಲಿಲ್ವೋ, ಅವನ ಮುಖ ನನಗೆ ತೋರಿಸ್ಬೇಡ."

ಆ ಏರಿಗೆ ಪೂರ್ತಿ ಚಾರ್ಜು ಬೇಕು. ರಾತ್ರಿ ಕಾವಲಿಲ್ಲದೆ ಬಿಡುವಂತಿಲ್ಲ; ಬೆಳಿಗ್ಗೆ ಐದಕ್ಕೆ ಚುಚ್ಚಿದರೆ ಎರಡಕ್ಕೆ ತುಂಬುತ್ತದೆ. ಅಷ್ಟು ಹೊತ್ತು ಕಾಲೆಯನ್ನು ದೂರವಿಡಬೇಕು. ಆದರೆ ಅಂದು ಕುಕುರ್ ತಿಹಾರ್, ನಾಯಿಗಳಿಗೆ ಹೂಮಾಲೆ ಹಾಕಿ, ಹಣೆಗೆ ಟೀಕಾ ಇಟ್ಟು ಕೈಮುಗಿಯುವ ದಿನ. ಹೊಡೆಯುವುದಿರಲಿ, ಹಚಾ ಎಂದರೂ ಪಾಪ.

"ಹೊಡೆದ್ರೆ ತಾನೇ ಪಾಪ? ಖಾರ ಬಳೀರಿ. ತಾನಾಗೇ ದೂರ ಹೋಗುತ್ತೆ," ಎಂದರು ಇಂದಿರಾ ಅತ್ತಿಗೆ.

ಮೇಷ್ಟ್ರು ಬಳಿದರು. ಕಾಲೆ ಬಂತು, ಮೂಸಿತು, ಹಬ್ಬದ ತಿಂಡಿಯೇ ಇರಬೇಕೆಂದು ನೆಕ್ಕಿತು. ಮರುಕ್ಷಣ ಅದು ಎಬ್ಬಿಸಿದ ಬೊಬ್ಬೆಗೆ ಇಡೀ ಓಣಿ ಹೊರಗೆ ಬಂದು ನಿಂತಿತು. ಎಲ್ಲರಿಗಿಂತ ಮುಂದೆ ಇಂದಿರಾ ಅತ್ತಿಗೆ.

"ಅಯ್ಯಯ್ಯೋ ಸರ್! ಹಬ್ಬದ ದಿನ ನಾಯಿಗೆ ಖಾರ ತಿನ್ನಿಸಿದ್ರಾ? ಕರುಳು ಅನ್ನೋದು ಬೇಡ್ವಾ?"

"ಅತ್ತಿಗೆ, ನೀವೇ ಹೇಳಿದ್ದಲ್ವಾ..."

"ಹಚ್ಚಿ ಅಂದೆ. ತಿನ್ನಿಸಿ ಅಂದ್ನಾ?"

ಮೂಲೆಮನೆಯ ಪದಮ್ ಅಜ್ಜ ಪ್ರಾಯಶ್ಚಿತ್ತ ವಿಧಿಸಿದರು. ಕೇಬಲ್ಲು ಒರೆಸಬೇಕು, ನಾಯಿಗೆ ಮಾಲೆ ಹಾಕಿ ಟೀಕಾ ಇಡಬೇಕು, ತಪ್ಪು ನಡೆದ ಜಾಗದಲ್ಲೇ ಹೊಟ್ಟೆ ತುಂಬ ಮಾಂಸ ಬಡಿಸಬೇಕು. ಮೇಷ್ಟ್ರು ಒಲೆಯ ಮೇಲಿದ್ದ ಪಾತ್ರೆ ಎತ್ತಿದಾಗ ಯಾಮ ಅಡ್ಡ ಬಂದಳು.

"ರೀ, ಅದು ಅಪ್ಪನಿಗೆ ಅಂತ ಮಾಡಿದ್ದು!"

"ಅಪ್ಪ ಬರೋದಕ್ಕೆ ಮೊದಲು ಓಣಿಯವರು ನನ್ನನ್ನ ಉಳಿಸ್ಬೇಕಲ್ಲೇ!"

ಕಾಲೆ ತನ್ನ ಜನ್ಮದಲ್ಲಿ ಅಂಥ ಊಟ ಕಂಡಿರಲಿಲ್ಲ. ಹೊಟ್ಟೆ ಬಿರಿಯುವಂತೆ ತಿಂದು, ಎಲುಬುಗಳನ್ನು ಎದೆಗವಚಿಕೊಂಡು ಕೇಬಲ್ಲಿನ ಮೇಲೇ ಪವಡಿಸಿತು. ಹಲ್ಲು ಮಾತ್ರ ತಾಗಿಸಲಿಲ್ಲ. ಹತ್ತಿರ ಸುಳಿದ ಕೋಳಿಗೂ ಗುರ್ ಎಂದಿತು. ಫುಚ್ಚೆ ತನ್ನ ಮನೆಯ ಗೇಟಿನ ಸಂದಿಯಿಂದ ಮೂತಿ ಹಾಕಿದಾಗ ಇನ್ನೂ ಜೋರಾಗಿ ಗುರುಗುಟ್ಟಿತು. ಮೇಷ್ಟ್ರಿಗೆ ಹಾಲು ಕುಡಿದಷ್ಟು ಸಂತೋಷವಾಯಿತು.

ಎರಡು ಗಂಟೆಗೆ ಕಾರು ನೂರಕ್ಕೆ ನೂರು ತುಂಬಿತು. ಮೇಷ್ಟ್ರು ಇಸ್ತ್ರಿ ಮಾಡಿದ ಅಂಗಿ ತೊಟ್ಟು, ಕೇಬಲ್ಲು ಕೀಳಲು ಕೈ ಚಾಚಿದರು.

"ಗುರ್ರ್..." ಎಂದಿತು ಕಾಲೆ.

ಕೇಬಲ್ಲು ಕೀಳದೆ ಆ ಕಾರು ಒಂದು ಗೇಣೂ ಕದಲುವುದಿಲ್ಲ. ಬಿಸ್ಕತ್ತು ಎಸೆದರು. ಕಾಲೆ ಹೋಗಿ ಕಚ್ಚಿಕೊಂಡು ಬಂದು ಎಲುಬಿನ ಗುಡ್ಡೆಗೆ ಸೇರಿಸಿತು. ಬಾಗಿಲ ಮರೆಯಿಂದ, ಕಾರಿನ ಅಡಿಯಿಂದ ಕೈ ಹಾಕಿ ನೋಡಿದರು. ಇಸ್ತ್ರಿ ಹೋಯಿತು, ಕೇಬಲ್ಲು ಬರಲಿಲ್ಲ. ಕೊನೆಗೆ ಕೋಲಿಗೆ ಕೈ ಹಾಕಿದರೆ ಪದಮ್ ಅಜ್ಜ ಕೆಮ್ಮಿದರು.

"ಮೇಷ್ಟ್ರೇ, ಇವತ್ತು ಯಾವ ದಿನ ಅಂತ ನೆನಪಿರ್ಲಿ."

"ಕಾಲೆ ಸಾಹೇಬ್ರೇ, ಕೈಮುಗೀತೀನಿ, ಏಳಿ," ಎಂದು ಮೇಷ್ಟ್ರು ಅಂಗಲಾಚಿದರು. ಸಾಹೇಬರು ಮಗ್ಗುಲು ಬದಲಿಸಿದರು.

ಮೂರೂಕಾಲಿಗೆ ಫೋನು ಬಂತು. "ಎಲ್ಲಿದ್ದೀಯ?"

"ಮಾವ, ಒಂದು ನಾಯಿ ಬಿಡ್ತಿಲ್ಲ..."

"ಬ್ಯಾಟರಿ ಬಿಡ್ಲಿಲ್ಲ ಅಂತೀಯ ಅಂದ್ಕೊಂಡಿದ್ದೆ. ಪರ್ವಾಗಿಲ್ಲ, ಹೊಸದು ಹೇಳ್ತಿದ್ದೀಯ!" ಫೋನು ಪಟ್ಟೆಂದು ಇಟ್ಟ ಸದ್ದು. ಒಳಗೆ ಯಾಮ ಅಳತೊಡಗಿದಳು. ಮೇಷ್ಟ್ರಿಗೂ ಅಳಬೇಕೆನ್ನಿಸಿತು, ಆದರೆ ಓಣಿಯವರು ನೋಡುತ್ತಿದ್ದರು.

ನಾಲ್ಕೂವರೆಗೆ ತರಕಾರಿ ಲಾರಿಯೊಂದು ಓಣಿಯ ಬಾಯಲ್ಲಿ ನಿಂತಿತು. ಮೀಸೆಗೆಲ್ಲ ಧೂಳು ಮೆತ್ತಿಸಿಕೊಂಡ ಸುಬೇದಾರರು ಅಳಿಯನ ಮುಖಕ್ಕೇ ಬೈಯಬೇಕೆಂದು ಇಳಿದುಬಂದರು. ಬಂದವರು ಕಾಲೆಯನ್ನು ಕಂಡು ಅಲ್ಲೇ ನಿಂತರು. ಕೊರಳಲ್ಲಿ ಚೆಂಡುಹೂವಿನ ಮಾಲೆ, ಹಣೆಯಲ್ಲಿ ಕೆಂಪು ಟೀಕಾ, ಕದಲದ ಕಣ್ಣು.

"ಇದು ಸಂತ್ರಿ ಅಂದ್ರೆ! ಕಾವಲು ಅಂದ್ರೆ ಹೀಗಿರ್ಬೇಕು!" ಎಂದರು. ಆಮೇಲೆ ಗುಡ್ಡಕ್ಕೆ ಕೇಳುವಂತೆ, "ಉಠ್!" ಎಂದರು. ಕಾಲೆ ಎದ್ದು ನಿಂತು ಬಾಲ ಅಲ್ಲಾಡಿಸಿತು. ಸುಬೇದಾರರು ಕೇಬಲ್ಲು ಕಿತ್ತು ನೆಲಕ್ಕೆಸೆದರು. "ನಡಿ, ಒಂದು ಸುತ್ತು ತೋರ್ಸು. ಸಂತ್ರಿನೂ ಬರ್ಲಿ."

ಕೆರೆಯ ದಂಡೆಯ ತನಕ ಹೋದರು. ಕಾರು ಸದ್ದಿಲ್ಲದೆ ಓಡಿತು; ಸುಬೇದಾರರ ಮುಖ ಸಡಿಲವಾಯಿತು. "ಆ ಬೈಕು ಮಾರಿದ್ದು ಒಳ್ಳೇದೇ ಆಯ್ತು ಬಿಡು. ಸೊಂಟಕ್ಕೆ ಹಿತವಾಗಿದೆ. ನಾಳೆಯಿಂದ ನನ್ನ ಪಲ್ಟನ್ ಗೆಳೆಯರನ್ನೆಲ್ಲ ಇದ್ರಲ್ಲೇ ಕರ್ಕೊಂಡು ಬರೋಣ. ಏಳೇ ಊರು. ಆಗುತ್ತೋ?"

"ಹಬ್ಬ ಮುಗಿಯೋ ತನಕ ಓಡಿಸ್ತೀನಿ ಮಾವ! ರಾತ್ರಿ ಚುಚ್ಚಿಟ್ರೆ ಸಾಕು," ಎಂದರು ಮೇಷ್ಟ್ರು. ಅವರ ಕಣ್ಣಲ್ಲಿ ನೀರೇ ಬಂದಿತ್ತು.

ಹಿಂದಿರುಗಿದಾಗ ಕೇಬಲ್ಲು ಮೂರು ತುಂಡಾಗಿತ್ತು. ನಡುವೆ ಕೂತು, ಕಪ್ಪು ರಬ್ಬರನ್ನು ಕಬ್ಬಿನಂತೆ ಸಿಗಿಯುತ್ತಿದ್ದದ್ದು ತುಪ್ಪವಿಲ್ಲದೆ ಅನ್ನ ಮೂಸದ ಫುಚ್ಚೆ. ಕಾಲೆ ಕಾರಿನಿಂದ ಹಾರಿ, ಗೋಡೆಗೆ ಅಂಟಿಕೊಂಡು ಉಳಿದಿದ್ದ ಗೇಣುದ್ದದ ಕೇಬಲ್ಲಿನ ಮುಂದೆ ಕಾವಲು ನಿಂತಿತು. ಕಳೆದ ತಿಂಗಳೂ ಅದು ಹೀಗೆಯೇ ನಿಂತಿತ್ತೆಂದು ಮೇಷ್ಟ್ರಿಗೆ ಈಗ ಹೊಳೆಯಿತು. ಹೊಸದು ಕೊಳ್ಳೋಣವೆಂದರೆ ಅಂಗಡಿಗಳು ತೆರೆಯುವುದು ಹಬ್ಬ ಮುಗಿದ ಮೇಲೆ.

ಮೇಷ್ಟ್ರ ಬಾಯಿ "ಹ..." ಎಂದು ತೆರೆಯಿತು. ಪದಮ್ ಅಜ್ಜ ಕೆಮ್ಮಿದರು.

"ಬೈಬೇಡಿ ಸರ್, ಏನೋ ಆಟ ಆಡ್ಕೊಂಡಿತ್ತು," ಎನ್ನುತ್ತ ಇಂದಿರಾ ಅತ್ತಿಗೆ ತಟ್ಟೆ ಹಿಡಿದು ಬಂದರು. "ಬೀದಿನಾಯಿಗೆ ಮಾಲೆ ಹಾಕಿದ್ರಿ, ನಮ್ಮ ಮಗು ಏನು ಪಾಪ ಮಾಡಿತ್ತು? ನಿಮ್ಮ ಕೈಯಿಂದ ಒಂದು ಟೀಕಾ ಇಡಿ."

"ಇಡಪ್ಪಾ, ಹಬ್ಬ," ಎಂದರು ಸುಬೇದಾರರು.

ಮೇಷ್ಟ್ರು ಬಗ್ಗಿ ಟೀಕಾ ಇಟ್ಟು ಕೈಮುಗಿದರು. ಫುಚ್ಚೆ ಬಾಯಲ್ಲಿದ್ದ ತುಂಡನ್ನು ಅವರ ಪಾದದ ಬಳಿ ಉಗುಳಿತು.

ಹಿಂದಿನಿಂದ ಮಾವ ಹೆಗಲು ತಟ್ಟಿದರು.

"ಸರಿ ಅಳಿಯ, ನಾಳೆ ಎಷ್ಟು ಗಂಟೆಗೆ ಹೊರಡೋಣ?"